ಕೊಳಚೆ ಘಟಕದ ನೆರೆಯಲ್ಲಿ ಮನೆ: ಬೆಂಗಳೂರಿನ ಕಣಿವೆಗಳ ಇತಿಹಾಸ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಬೆಳೆದ ಊರು. ದೊಡ್ಡ ಹೊಳೆ ಯಾವುದೂ ಹತ್ತಿರದಲ್ಲಿಲ್ಲ. ಬಿದ್ದ ಮಳೆ, ಬಳಸಿ ಬಿಟ್ಟ ನೀರು ಎರಡೂ ದಿಣ್ಣೆ ಇಳಿದು ಊರಾಚೆ ಹೋಗುತ್ತವೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ ಕಣಿವೆ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವ ಮತ್ತು ಆಗ್ನೇಯಕ್ಕೆ ಇಳಿದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹೋಗುತ್ತದೆ. ಉತ್ತರದ್ದು ಹೆಬ್ಬಾಳ ಕಣಿವೆಯಲ್ಲಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ದಾರಿ ಹಿಡಿಯುತ್ತದೆ. ಈ ಎರಡೂ ಕೊನೆಗೆ ದಕ್ಷಿಣ ಪಿನಾಕಿನಿಯ ಪಾಲು. ಕೊಳಚೆ ನೀರು ಶುದ್ಧೀಕರಣ ಘಟಕಗಳು ಎಲ್ಲಿ ಬರಬೇಕು, ಅವುಗಳ ಪಕ್ಕದಲ್ಲಿ ಯಾರ ಮನೆ ಏಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿದ್ದು ಈ ಇಳಿಜಾರು. ಒಳಚರಂಡಿಯ ಪೈಪಿನಲ್ಲಿ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿಯಬೇಕಾದರೆ ಘಟಕ ಕಣಿವೆಯ ತಳದಲ್ಲೇ ಇರಬೇಕಾಗುತ್ತದೆ.

ಆ ತಳ ಒಂದು ಕಾಲಕ್ಕೆ ಊರಿನ ಅತಿ ಫಲವತ್ತಾದ ಜಾಗವಾಗಿತ್ತು. ಕೆಂಪೇಗೌಡರ ಕಾಲದಲ್ಲೂ ಅದಕ್ಕೆ ಹಿಂದೆಯೂ ಮುಂದೆಯೂ ಕಟ್ಟಿದ ಕೆರೆಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ತೂಬು ಎತ್ತಿ ಗದ್ದೆಗೆ ನೀರು ಹಂಚುವುದು ನೀರಗಂಟಿಯ ಕೆಲಸ. ಹಳ್ಳಿಯ ಮನೆಗಳು ಇದ್ದದ್ದು ಎತ್ತರದ ಗ್ರಾಮಠಾಣದಲ್ಲಿ. ತಗ್ಗು ಭತ್ತಕ್ಕೆ, ದಿಣ್ಣೆ ರಾಗಿಗೆ ಮತ್ತು ಮನೆಗೆ ಎಂಬ ಕಟ್ಟಳೆಯನ್ನು ಮೀರಿ ಕೆರೆಯಂಗಳದಲ್ಲಿ ಮನೆ ಕಟ್ಟುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಮುಂದೆ ಮುರಿದದ್ದು ಇದೇ ಕಟ್ಟಳೆ.

ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನಲ್ಲಿ ಕೊಳಚೆಗೆ ಎರಡು ದಾರಿಗಳಿದ್ದವು. ಸ್ನಾನದ, ಪಾತ್ರೆ ತೊಳೆದ ನೀರು ಬೀದಿಯ ತೆರೆದ ಮೋರಿಗೆ ಹೋಗುತ್ತಿತ್ತು. ಮಲವನ್ನು ಮನುಷ್ಯರು ಕೈಯಿಂದ ಬಾಚಿ, ತಲೆಯ ಮೇಲೆ ಹೊತ್ತು, ಗಾಡಿಗೆ ತುಂಬಿ ಊರಾಚೆ ಸಾಗಿಸುತ್ತಿದ್ದರು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳನ್ನು 1890ರ ದಶಕದಲ್ಲಿ ರೂಪಿಸಿದವರು ಈ ಕೆಲಸಕ್ಕೆಂದೇ ಮನೆಗಳ ಹಿತ್ತಲ ಹಿಂದೆ ಕಿರಿದಾದ ಓಣಿಗಳನ್ನು ಬಿಟ್ಟರು. ಕನ್ಸರ್ವೆನ್ಸಿ ಗಲ್ಲಿ ಎಂದು ಕರೆಸಿಕೊಳ್ಳುವ ಆ ಓಣಿಗಳಲ್ಲಿ ಹಲವು ಇಂದಿಗೂ ಉಳಿದಿವೆ. ಮನೆಯ ಮುಂಬಾಗಿಲು ಅಗಲವಾದ ರಸ್ತೆಗೆ ತೆರೆದರೆ ಹಿತ್ತಲ ತುದಿಯ ಪಾಯಿಖಾನೆಯ ಸಣ್ಣ ಕಿಂಡಿ ಗಲ್ಲಿಗೆ ತೆರೆಯುತ್ತಿತ್ತು. ದಿನವೂ ಬಂದು ಆ ಕಿಂಡಿಯಿಂದ ಮಲ ತೆಗೆಯುವ ಕೆಲಸವನ್ನು ಜಾತಿಯ ಹೆಸರಿನಲ್ಲಿ ಕೆಲವರ ಮೇಲೆ ಹೊರಿಸಲಾಗಿತ್ತು. ಮನೆಯ ಯಜಮಾನನಿಗೆ ಅವರ ಮುಖವೂ ಕಾಣದಂತೆ ಬಡಾವಣೆಯ ನಕ್ಷೆಯೇ ವ್ಯವಸ್ಥೆ ಮಾಡಿತ್ತು. ಬೆಂಗಳೂರಿನ ಹಳೆಯ ಬಡಾವಣೆಗಳ ಅಂದವನ್ನು ಹೊಗಳುವಾಗ ಈ ಗಲ್ಲಿಗಳನ್ನು ಮರೆಯುವುದು ನ್ಯಾಯವಲ್ಲ. ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ.

1898ರ ಆಗಸ್ಟಿನಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನ ಸತ್ತರು, ಉಳಿದವರು ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಈ ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ, ಮೋರಿಯ ನಾತದಿಂದಲ್ಲ. ಆದರೆ ಆ ಭಯ ಎತ್ತರದ, ಗಾಳಿ ಬೆಳಕಿರುವ, ನೀರು ನಿಲ್ಲದ ಜಾಗದ ಮೇಲೆ ಜನರಿಗೆ ಒಲವು ಹುಟ್ಟಿಸಿತು. ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ವೇಗ ಬಂದದ್ದು ಆಗ. ವೃಷಭಾವತಿಯ ಮೂಲವೂ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಹತ್ತಿರವೇ ಇದೆ ಎಂಬುದು ನಂಬಿಕೆ. ಹೊಳೆ ಹುಟ್ಟುವ ತುದಿಯಲ್ಲಿ ಒಳ್ಳೆಯ ಮನೆಗಳು ಎದ್ದವು, ಅವುಗಳ ಬಚ್ಚಲ ನೀರು ಹೊಳೆ ಹರಿಯುವ ಕಡೆಗೆ ಇಳಿಯಿತು.

ಪ್ಲೇಗಿಗೆ ಎರಡು ವರ್ಷ ಮೊದಲು, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ನಲ್ಲಿ ನೀರು ಬಂದಿತ್ತು. ಬಾವಿಯಿಂದ ಸೇದಿ ತರುವ ನೀರನ್ನು ಜನ ಹಿಡಿತದಲ್ಲಿ ಬಳಸುತ್ತಾರೆ. ನಲ್ಲಿ ಬಂದ ಮನೆಯಲ್ಲಿ ಬಳಕೆ ಹೆಚ್ಚುತ್ತದೆ, ಹೆಚ್ಚಿದ ನೀರಿಗೆ ಹೊರದಾರಿ ಬೇಕಾಗುತ್ತದೆ. ನಗರದ ನಡುಭಾಗದಲ್ಲಿ ಒಳಚರಂಡಿ ಹಾಕುವ ಕೆಲಸ 1922ರಲ್ಲಿ ಶುರುವಾಯಿತು. ವ್ಯಾಪಕವಾದ ಯೋಜನೆ ಕೈಗೆತ್ತಿಕೊಂಡದ್ದು 1950ರಲ್ಲಿ, ನಗರ ಮತ್ತು ದಂಡು ಪ್ರದೇಶ ಒಂದೇ ಕಾರ್ಪೊರೇಷನ್ ಆದ ಮರುವರ್ಷ. ಅಷ್ಟಾದರೂ ಪೈಪಿನ ಕೊನೆಯಲ್ಲಿ ಏನೂ ಇರಲಿಲ್ಲ. ಕಣಿವೆಗೆ ಬಿಟ್ಟ ಕೊಳಚೆ ಹರಿಯುತ್ತ ಹೋಗಿ ಕೆಳಗಿನ ಕೆರೆಯಲ್ಲಿ ಬೀಳುತ್ತಿತ್ತು.

ಹಾಗೆಂದು ಬೆಂಗಳೂರಿನಲ್ಲಿ ಈ ವಿಷಯದ ತಿಳಿವಳಿಕೆಗೆ ಕೊರತೆ ಇರಲಿಲ್ಲ. ಕೊಳಚೆ ಶುದ್ಧೀಕರಣದ ಇತಿಹಾಸದಲ್ಲಿ ಈ ಊರಿಗೆ ಗೌರವದ ಸ್ಥಾನವಿದೆ. ಕೊಳಚೆಯೊಳಗೆ ಗಾಳಿ ಊದಿ, ಅದರಲ್ಲೇ ಬೆಳೆದ ಸೂಕ್ಷ್ಮಜೀವಿಗಳ ಕೆಸರನ್ನು ಮತ್ತೆ ಮತ್ತೆ ಬಳಸಿ ನೀರು ತಿಳಿ ಮಾಡುವ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಪ್ರಕಟಿಸಿದರು. ಇಂದು ಜಗತ್ತಿನ ಹೆಚ್ಚಿನ ದೊಡ್ಡ ಘಟಕಗಳು ನಡೆಯುವುದು ಈ ವಿಧಾನದಲ್ಲಿ, ಇಲ್ಲವೇ ಇದರಿಂದ ಹುಟ್ಟಿದ ವಿಧಾನಗಳಲ್ಲಿ. ಅವರಿಗೆ ಈ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ ಎರಡೇ ವರ್ಷಗಳಲ್ಲಿ, 1916ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಹುಟ್ಟಿದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ. ಅದೇ ಸಂಸ್ಥೆಯಲ್ಲಿ 1939ರ ಸುಮಾರಿಗೆ ಸಿ. ಎನ್. ಆಚಾರ್ಯ ಅವರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಕೆಲವು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದು ಇಂದಿಗೂ ಬೆಂಗಳೂರು ವಿಧಾನ ಎಂದೇ ಪರಿಚಿತ. ಜಗತ್ತಿಗೆ ಪಾಠ ಹೇಳಬಲ್ಲವರು ಊರಿನೊಳಗೇ ಇದ್ದರು. ಆದರೂ ಊರಿನ ದೊಡ್ಡ ಘಟಕಗಳು ಬರಲು ಫೌಲರ್ ಕಾಲದಿಂದ ಅರ್ಧ ಶತಮಾನ ಹಿಡಿಯಿತು. ಈ ತಡದ ಬೆಲೆ ತೆತ್ತವರು ಕಣಿವೆಯ ಕೆಳಗಿನ ರೈತರು.

ಘಟಕಗಳನ್ನು ಅನಿವಾರ್ಯ ಮಾಡಿದ್ದು ಕಾವೇರಿ. 1964ರಲ್ಲಿ ಬೆಂಗಳೂರು ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಮೇಲೇರಿ ನಗರ ತಲುಪಿತು. 135 ಎಂಎಲ್‌ಡಿ, ಅಂದರೆ ದಿನಕ್ಕೆ 13.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಮುಂದೆ 1982, 1993ರಲ್ಲಿ ಒಂದೊಂದು ಹಂತ, 2002, 2012ರಲ್ಲಿ ನಾಲ್ಕನೆಯ ಹಂತದ ಎರಡು ಭಾಗಗಳು ಸೇರಿದಂತೆ ಅಷ್ಟೇ ಪ್ರಮಾಣದಲ್ಲಿ ಕಣಿವೆಗಳಿಗೆ ಇಳಿಯುವ ನೀರೂ ಹೆಚ್ಚಿತು. 2024ರ ಐದನೆಯ ಹಂತ ಒಂದೇ 775 ಎಂಎಲ್‌ಡಿಯದು.

ಮೊದಲ ದೊಡ್ಡ ಘಟಕಗಳು 1970ರ ದಶಕದಲ್ಲಿ ಎರಡು ಕಡೆ ಬಂದವು. ಒಂದು ಮೈಸೂರು ರಸ್ತೆಯ ಬಳಿ ವೃಷಭಾವತಿಯ ದಡದಲ್ಲಿ, ಇನ್ನೊಂದು ಬೆಳ್ಳಂದೂರು ಕೆರೆಯ ಮೇಲ್ಭಾಗದಲ್ಲಿ, ಚಲ್ಲಘಟ್ಟದ ಪಕ್ಕ. ಜಲಮಂಡಳಿಯ ಸಿಬ್ಬಂದಿ ಇವನ್ನು ವಿ ವ್ಯಾಲಿ, ಕೆ ಅಂಡ್ ಸಿ ವ್ಯಾಲಿ ಎಂದೇ ಕರೆಯುತ್ತಾರೆ. ಹೆಬ್ಬಾಳ ಕಣಿವೆಯ ಘಟಕ ಆಮೇಲಿನದು. ಆಗ ಈ ಜಾಗಗಳ ಸುತ್ತ ಇದ್ದದ್ದು ಗದ್ದೆ, ತೋಟ, ಗೋಮಾಳ. 1971ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 16.5 ಲಕ್ಷ, ಊರಿನ ಅಂಚು ಘಟಕಗಳಿಂದ ಬಹಳ ಹಿಂದಿತ್ತು. ಮೊದಮೊದಲು ಇಲ್ಲಿ ನಡೆಯುತ್ತಿದ್ದದ್ದು ಪ್ರಾಥಮಿಕ ಹಂತದ ಶುದ್ಧೀಕರಣ ಮಾತ್ರ, ಎಂದರೆ ಕಸ ಸೋಸಿ, ಹೂಳು ತಂಗಿಸಿ, ಉಳಿದ ನೀರನ್ನು ಮುಂದೆ ಬಿಡುವುದು. ಎರಡನೆಯ ಹಂತ ಸೇರಿದ್ದು ನಂತರದ ದಶಕಗಳಲ್ಲಿ.

ನಾತ ಎಲ್ಲಿಂದ ಏಳುತ್ತದೆ ಎಂಬುದು ಘಟಕದ ಒಳಗನ್ನು ನೋಡಿದರೆ ತಿಳಿಯುತ್ತದೆ, ಮನೆ ಕೊಳ್ಳುವವರ ಲೆಕ್ಕಾಚಾರಕ್ಕೂ ಅದು ಮುಖ್ಯ. ಕೊಳಚೆ ಮೊದಲು ಬರುವ ಬಾವಿಯಲ್ಲಿ ಕಬ್ಬಿಣದ ಸರಳುಗಳ ಜಾಲರಿ ಇರುತ್ತದೆ. ಪ್ಲಾಸ್ಟಿಕ್ ಚೀಲ, ಬಟ್ಟೆ ಚೂರು, ತೆಂಗಿನ ನಾರು, ಹೂವಿನ ಹಾರ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಗಂಟೆಗಟ್ಟಲೆ ಗಾಳಿಯಾಡದ ಪೈಪಿನಲ್ಲಿ ಕೊಳೆತು ಬಂದ ನೀರು ಇಲ್ಲಿ ಮೊದಲ ಸಲ ಹೊರಗಾಳಿಗೆ ತೆರೆದುಕೊಳ್ಳುತ್ತದೆ, ಅದರೊಳಗಿನ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಏಳುತ್ತದೆ. ಇಡೀ ಘಟಕದಲ್ಲಿ ಕೊಳೆತ ಮೊಟ್ಟೆಯ ವಾಸನೆ ಅತಿ ಹೆಚ್ಚಾಗಿರುವುದು ಇಲ್ಲಿ. ಇದಾದ ಮೇಲೆ ಮರಳು ತಂಗುವ ತೊಟ್ಟಿ, ಹೂಳು ತಂಗುವ ದುಂಡನೆಯ ದೊಡ್ಡ ತೊಟ್ಟಿ. ಅನಂತರ ಗಾಳಿ ಊದುವ ತೊಟ್ಟಿಗಳಲ್ಲಿ ಕಂದು ಬಣ್ಣದ ನೀರು ಸದಾ ಕುದಿಯುವಂತೆ ಉಕ್ಕುತ್ತಿರುತ್ತದೆ. ಗಾಳಿ ಸಾಕಷ್ಟಿದ್ದರೆ ಇಲ್ಲಿ ದುರ್ವಾಸನೆ ಇರುವುದಿಲ್ಲ, ಹಸಿ ಮಣ್ಣಿನಂಥ ಒಂದು ವಾಸನೆ ಇರುತ್ತದೆ ಅಷ್ಟೆ. ಕರೆಂಟು ಹೋಗಿ ಬ್ಲೋವರ್ ನಿಂತರೆ ಕೆಲವೇ ಗಂಟೆಗಳಲ್ಲಿ ಜೀವಿಗಳು ಸಾಯತೊಡಗಿ ನೀರು ಕಪ್ಪಾಗುತ್ತದೆ. ಕೊನೆಯದು ಕೆಸರು ಒಣಗಿಸುವ ಕಟ್ಟೆ. ಮಳೆಗಾಲದಲ್ಲಿ ಕೆಸರು ಒಣಗದೆ ಉಳಿದಾಗ ನಾತ ಮತ್ತೆ ಏಳುತ್ತದೆ. ಹಸಿ ಕೊಳಚೆಯ ಬಿಒಡಿ, ಅಂದರೆ ಅದರಲ್ಲಿನ ಕೊಳೆ ಕರಗಲು ಬೇಕಾದ ಆಮ್ಲಜನಕ, ಲೀಟರಿಗೆ 200ರಿಂದ 300 ಮಿಲಿಗ್ರಾಂ ಆಸುಪಾಸು ಇರುತ್ತದೆ. ಚೆನ್ನಾಗಿ ನಡೆಯುವ ಘಟಕ ಅದನ್ನು 10–20ಕ್ಕೆ ಇಳಿಸಬಲ್ಲದು.

ನಾತಕ್ಕೆ ಹೊತ್ತು ಗೊತ್ತು ಇದೆ. ಹಗಲಿನ ಬಿಸಿಲಿಗೆ ಗಾಳಿ ಮೇಲೇರುವುದರಿಂದ ವಾಸನೆ ಚದುರಿಹೋಗುತ್ತದೆ. ಚಳಿಗಾಲದ ರಾತ್ರಿ, ಬೆಳಗಿನ ಜಾವ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂತುಬಿಡುತ್ತದೆ, ನಾತವೂ ಅದರೊಡನೆ ಅಲ್ಲೇ ನಿಲ್ಲುತ್ತದೆ. ಭಾನುವಾರ ಮಧ್ಯಾಹ್ನ ಸೈಟು ನೋಡಿ ಮುಂಗಡ ಕೊಟ್ಟವರಿಗೆ ಡಿಸೆಂಬರಿನ ಬೆಳಗು ತಿಳಿಸುವ ಸತ್ಯ ಬೇರೆಯೇ ಆಗಿರುವುದಕ್ಕೆ ಕಾರಣ ಇದು. ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪು ಮಾಡುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ದಂಡೆಯ ಮನೆಗಳಲ್ಲಿ ಎಸಿಯ ತಾಮ್ರದ ಸುರುಳಿಗಳು ಬೇಗ ಸವೆದು ಗ್ಯಾಸ್ ಸೋರುವ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ.

ಘಟಕಗಳ ಬಳಿಗೆ ಊರು ನಡೆದು ಬಂದದ್ದು 1980ರಿಂದ ಮುಂದಿನ ಮೂವತ್ತು ವರ್ಷಗಳಲ್ಲಿ. 1981ರಲ್ಲಿ 29 ಲಕ್ಷವಿದ್ದ ಜನಸಂಖ್ಯೆ 2011ರ ಹೊತ್ತಿಗೆ 84 ಲಕ್ಷ ದಾಟಿತು. ಕೋರಮಂಗಲದ ಬಡಾವಣೆಗಳು ಕಣಿವೆಯತ್ತ ಇಳಿದವು. ಶ್ರೀನಿವಾಗಿಲು ಕೆರೆಯಂಗಳದಲ್ಲಿ ಎದ್ದ ಎಸ್‌ಟಿ ಬೆಡ್ ಬಡಾವಣೆಗೆ ದೊಡ್ಡ ಮಳೆ ಬಂದಾಗಲೆಲ್ಲ ನೀರು ನುಗ್ಗುತ್ತದೆ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಹೊರವರ್ತುಲ ರಸ್ತೆ ಬಂದು, ಅದರ ಉದ್ದಕ್ಕೂ ಸಾಫ್ಟ್‌ವೇರ್ ಕಂಪನಿಗಳು ನೆಲೆಯೂರಿದ ಮೇಲೆ ಬೆಳ್ಳಂದೂರಿನ ಸುತ್ತಲ ಗದ್ದೆಗಳು ಬಹುಮಹಡಿ ಅಪಾರ್ಟ್‌ಮೆಂಟುಗಳಾದವು. ಅವುಗಳ ಜಾಹೀರಾತಿನಲ್ಲಿ ಕೆರೆಯ ನೋಟ ಒಂದು ಆಕರ್ಷಣೆ. ಪಶ್ಚಿಮದಲ್ಲಿ ಮೈಸೂರು ರಸ್ತೆಗುಂಟ ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಕೆಂಗೇರಿಗಳು ವೃಷಭಾವತಿಯ ಎರಡೂ ದಡಕ್ಕೆ ಹಬ್ಬಿದವು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವರಿಗೂ ನಾಯಂಡಹಳ್ಳಿ ಬಂತೆಂದು ಮೂಗೇ ತಿಳಿಸುತ್ತಿತ್ತು ಎಂಬುದನ್ನು ಆ ದಾರಿಯಲ್ಲಿ ಓಡಾಡಿದ ಒಂದು ತಲೆಮಾರು ಬಲ್ಲದು.

ಕೊಂಡವರೆಲ್ಲ ಒಂದೇ ಬಗೆಯವರಲ್ಲ. ಮೊದಲು ಬಂದವರು ರೆವಿನ್ಯೂ ಸೈಟು ಕೊಂಡ ಕೆಳಮಧ್ಯಮ ವರ್ಗದವರು: ಕಾರ್ಖಾನೆಯ ಕೆಲಸಗಾರರು, ಆಟೊ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು. ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸದೆ ಇಪ್ಪತ್ತಕ್ಕೆ ಮೂವತ್ತು ಅಡಿ ಅಳತೆಯ ತುಂಡುಗಳಾಗಿ ಸೀಳಿ, ಕೆಲವೊಮ್ಮೆ ಬರೀ ಅಧಿಕಾರಪತ್ರದ (ಜಿಪಿಎ) ಮೇಲೆ ಮಾರಿದ ಸೈಟುಗಳವು. ಮೋರಿಯ ಪಕ್ಕದ್ದೆಂಬ ಕಾರಣಕ್ಕೇ ಬೆಲೆ ಕೈಗೆಟಕುವಷ್ಟಿತ್ತು. ಅವರಿಗೆ ನಾತ ಗೊತ್ತಿತ್ತು, ಬೇರೆ ಕಡೆ ಕೊಳ್ಳುವ ಶಕ್ತಿ ಇರಲಿಲ್ಲ. ಇಂಥ ಬೀದಿಗಳಿಗೆ ಒಳಚರಂಡಿಯ ಸಂಪರ್ಕವೇ ಇಲ್ಲದೆ ಪಾಯಿಖಾನೆಯ ನೀರು ನೇರವಾಗಿ ರಾಜಕಾಲುವೆಗೆ ಬೀಳುತ್ತಿದ್ದದ್ದೂ ಉಂಟು. ಹೀಗಾಗಿ ಘಟಕದ ಗೋಡೆಗೆ ಹೊಂದಿದ ಮನೆಯ ಕೊಳಚೆ ಘಟಕಕ್ಕೆ ಹೋಗದೆ ಅದರ ಪಕ್ಕದಲ್ಲೇ ಹರಿದು ಕೆರೆ ಸೇರಿತು. ಆಮೇಲೆ ಬಂದವರು ಬ್ಯಾಂಕ್ ಸಾಲದ ಮೇಲೆ ಫ್ಲ್ಯಾಟ್ ಕೊಂಡವರು, ಬಹುಪಾಲು ಬೇರೆ ಊರುಗಳಿಂದ ಬಂದ ಉದ್ಯೋಗಿಗಳು. ನಕ್ಷೆಯಲ್ಲಿ ನೀಲಿಯಾಗಿ ಕಾಣುವ ಕೆರೆಯ ಮೇಲ್ಭಾಗದಲ್ಲಿ ಏನಿದೆ ಎಂದು ಹೇಳುವವರು ಅವರಿಗೆ ಸಿಗಲಿಲ್ಲ. ಊರಿನ ಹಳಬರನ್ನು ಕೇಳಿದ್ದರೆ ತಿಳಿಯುತ್ತಿತ್ತು. ಆದರೆ ಬ್ರೋಕರಿನ ಕಾರಿನಲ್ಲಿ ಬಂದು ಹೋಗುವ ವ್ಯವಹಾರದಲ್ಲಿ ಹಳಬರ ಮಾತಿಗೆ ಎಡೆಯಿರಲಿಲ್ಲ.

2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದಾಗ ಹೊಸದಾಗಿ ಸೇರಿದ ಹಳ್ಳಿಗಳಲ್ಲಿ ಒಳಚರಂಡಿ ಇರಲಿಲ್ಲ. ಮನೆಗಳು ಮೊದಲು, ಪೈಪು ಆಮೇಲೆ ಎಂಬ ಈ ಕ್ರಮವೇ ಬೆಂಗಳೂರಿನ ಕೊಳಚೆ ಸಂಕಟದ ಬೇರು. ಘಟಕ ಇದೆ, ಅದರ ಸಾಮರ್ಥ್ಯವೂ ಇದೆ, ಆದರೆ ಕೊಳಚೆ ಅಲ್ಲಿಗೆ ತಲುಪದೆ ಮಳೆನೀರಿನ ಕಾಲುವೆ ಹಿಡಿದು ಕೆರೆಗೆ ಹೋಗುತ್ತದೆ. ಪಕ್ಕದ ನಿವಾಸಿಗಳು ಬಯ್ಯುವುದು ಘಟಕವನ್ನು. ಹೆಚ್ಚಿನ ಸಲ ಅವರ ಮೂಗಿಗೆ ಬಡಿಯುವುದು ಘಟಕದ ಹೊರಗೆ ಹರಿಯುವ, ಶುದ್ಧೀಕರಣದ ಮುಖವನ್ನೇ ಕಾಣದ ನೀರು.

ಬೆಳ್ಳಂದೂರು ಇದನ್ನು ಇಡೀ ದೇಶಕ್ಕೆ ತೋರಿಸಿತು. 2015ರ ಬೇಸಿಗೆಯಲ್ಲಿ ಕೆರೆಯ ಕೋಡಿಯಿಂದ ಎದ್ದ ಬಿಳಿ ನೊರೆ ರಸ್ತೆಗೆ ಹಾರಿ ವಾಹನಗಳನ್ನು ಮುಚ್ಚಿತು. ಬಟ್ಟೆ ಸೋಪಿನ ರಾಸಾಯನಿಕಗಳು ತುಂಬಿದ ನೀರು ಎತ್ತರದಿಂದ ಧುಮುಕಿದಾಗ ಗಾಳಿ ಬೆರೆತು ನೊರೆಯೇಳುತ್ತದೆ, ಮೊದಲ ಮಳೆಗೆ ತಳದ ಹೂಳು ಕದಡಿದರೆ ಅದು ಇನ್ನೂ ಹೆಚ್ಚುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ, 2018ರ ಜನವರಿ 19ರಂದು ಮತ್ತೂ ದೊಡ್ಡದು. ಆ ಸಲ ಒಣಗಿದ ಕಳೆ ಹೊತ್ತಿ ಉರಿದಾಗ ಆರಿಸಲು ಸೇನೆಯ ಯೋಧರೇ ಇಳಿಯಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿ ಪ್ರಕರಣ ಕೈಗೆತ್ತಿಕೊಂಡು, 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಮೇಲ್ವಿಚಾರಣೆಯ ಸಮಿತಿಯೂ ಆಗಲೇ ರಚನೆಯಾಯಿತು.

ಅಪಾರ್ಟ್‌ಮೆಂಟುಗಳವರ ಫೋಟೊಗಳಿಂದ ನೊರೆ ಸುದ್ದಿಯಾಯಿತು ನಿಜ. ಆದರೆ ಅದಕ್ಕೆ ದಶಕಗಳ ಮೊದಲೇ ಕೆಳಗಿನ ಹಳ್ಳಿಗಳು ಈ ನೀರಿನ ಜೊತೆ ಬದುಕುತ್ತಿದ್ದವು. ವೃಷಭಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ಬೈರಮಂಗಲ ಜಲಾಶಯದ ಅಚ್ಚುಕಟ್ಟಿನಲ್ಲಿ ನಗರದ ಕೊಳಚೆಯೂ ಪೀಣ್ಯದ ಕಾರ್ಖಾನೆಗಳ ತ್ಯಾಜ್ಯವೂ ಸೇರಿ ಬಂದಂತೆ ರೈತರು ಭತ್ತ ಕೈಬಿಟ್ಟು ಬೇಬಿ ಕಾರ್ನ್, ಸೀಮೆಹುಲ್ಲು, ಹಿಪ್ಪುನೇರಳೆಗೆ ಹೊರಳಿದರು. ಗೊಬ್ಬರದ ಅಂಶ ವಿಪರೀತವಾದಾಗ ಭತ್ತ ಸೊಕ್ಕಿ ಎಲೆ ಬಿಡುತ್ತದೆ, ಕಾಳು ಕಟ್ಟುವುದಿಲ್ಲ. ಪೂರ್ವದ ಕಣಿವೆಯ ನೊರೆ ದಕ್ಷಿಣ ಪಿನಾಕಿನಿಯಲ್ಲಿ ಹರಿದು ತಮಿಳುನಾಡಿನ ಹೊಸೂರು ಬಳಿಯ ಕೆಲವರಪಳ್ಳಿ ಅಣೆಕಟ್ಟೆಯವರೆಗೂ ಹೋಯಿತು. ಮನೆ ಕೊಂಡವರು ಮಾರಿ ಹೋಗಬಹುದು. ಹೊಲ ಇರುವವರಿಗೆ ಆ ದಾರಿಯೂ ಸುಲಭವಲ್ಲ.

ಕೆರೆ ಮತ್ತು ಕಾಲುವೆಯಿಂದ ಮನೆ ಎಷ್ಟು ದೂರ ಇರಬೇಕೆಂಬ ನಿಯಮವೂ ಈ ವರ್ಷಗಳಲ್ಲಿ ಹಿಂದೆ ಮುಂದೆ ಸರಿಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ‘ಪರಿಷ್ಕೃತ ಮಹಾಯೋಜನೆ 2015’ ಕೆರೆಗೆ 30 ಮೀಟರ್, ಪ್ರಥಮ, ದ್ವಿತೀಯ, ತೃತೀಯ ದರ್ಜೆಯ ಕಾಲುವೆಗಳಿಗೆ 50, 25, 15 ಮೀಟರ್ ಮೀಸಲು ಅಂತರ ಹೇಳಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿ, ಕಾಲುವೆಗಳಿಗೆ 50, 35, 25 ಎಂದಿತು. ಒಂದೇ ಆದೇಶದಿಂದ ಎಷ್ಟೋ ಕಟ್ಟಡಗಳು, ಕಟ್ಟಲು ಹೊರಟ ಯೋಜನೆಗಳು ನಿಷೇಧದ ಗೆರೆಯೊಳಗೆ ಬಿದ್ದವು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿ ಹಳೆಯ ಅಂತರವನ್ನೇ ಉಳಿಸಿತು. ನಡುವಿನ ಮೂರು ವರ್ಷ ಮುಂಗಡ ಕೊಟ್ಟು ಕಾದವರ ಪಾಡು ಯಾವ ತೀರ್ಪಿನಲ್ಲೂ ದಾಖಲಾಗಿಲ್ಲ.

ಇಷ್ಟರಲ್ಲಿ ಘಟಕವೇ ಮನೆಯ ಅಡಿಗೆ ಬಂದಿತ್ತು. 2006ರ ಸೆಪ್ಟೆಂಬರಿನ ಕೇಂದ್ರದ ಪರಿಸರ ಅಧಿಸೂಚನೆ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಕಡ್ಡಾಯ ಮಾಡಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಪಾರ್ಟ್‌ಮೆಂಟುಗಳು ತಮ್ಮದೇ ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಕಟ್ಟಿಕೊಳ್ಳಬೇಕೆಂದಿತು. ಹೀಗೆ ಬೆಂಗಳೂರಿನಲ್ಲಿ ಸಾವಿರಾರು ಸಣ್ಣ ಘಟಕಗಳು ಬೇಸ್‌ಮೆಂಟುಗಳಲ್ಲಿ, ಆಟದ ಮೈದಾನದ ಅಡಿಯಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಹುಟ್ಟಿಕೊಂಡವು. ಮಾರುವ ಹೊತ್ತಿಗೆ ಹೊಸದಾಗಿ ಹೊಳೆಯುವ ಘಟಕವನ್ನು ಬಿಲ್ಡರ್ ನಿವಾಸಿಗಳ ಸಂಘಕ್ಕೆ ಒಪ್ಪಿಸಿ ಹೋಗುತ್ತಾನೆ. ಅದರ ಕರೆಂಟು ಬಿಲ್ಲು, ಆಪರೇಟರಿನ ಸಂಬಳ, ಕೆಸರು ಸಾಗಿಸುವ ಖರ್ಚು ಎಲ್ಲ ಮೆಂಟೆನೆನ್ಸ್ ಶುಲ್ಕಕ್ಕೆ ಸೇರುತ್ತದೆ. ಅರ್ಧ ಫ್ಲ್ಯಾಟುಗಳು ಖಾಲಿಯಿದ್ದರೆ ಜೀವಿಗಳಿಗೆ ಆಹಾರ ಸಾಲದೆ ಘಟಕ ಕೆಡುತ್ತದೆ. ಬೇಸ್‌ಮೆಂಟಿನಲ್ಲಿ ಗಾಳಿಯ ವ್ಯವಸ್ಥೆ ಸರಿಯಿಲ್ಲದಿದ್ದರೆ ವಿಷಗಾಳಿ ಕಟ್ಟಿಕೊಳ್ಳುತ್ತದೆ. ಸ್ವಚ್ಛ ಮಾಡಲು ತೊಟ್ಟಿಗಿಳಿದ ಕೆಲಸಗಾರರು ಉಸಿರುಗಟ್ಟಿ ಸತ್ತ ಪ್ರಕರಣಗಳು ಈ ನಗರದಲ್ಲಿ ಮತ್ತೆ ಮತ್ತೆ ನಡೆದಿವೆ. ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧ ಎನ್ನುತ್ತದೆ. ಹಿತ್ತಲ ಗಲ್ಲಿಯ ಕಾಲಕ್ಕೂ ಬೇಸ್‌ಮೆಂಟಿನ ಕಾಲಕ್ಕೂ ಈ ಕೆಲಸ ಮಾಡಿದವರ ಜಾತಿ ಹೆಚ್ಚಾಗಿ ಒಂದೇ ಎಂಬುದನ್ನು ಕಡೆಗಣಿಸಿ ಈ ಇತಿಹಾಸ ಬರೆಯಲಾಗದು.

ಮೈಸೂರಿನ ಅನುಭವ ಸ್ವಲ್ಪ ಬೇರೆ. ಅಲ್ಲಿ ವಿದ್ಯಾರಣ್ಯಪುರದ ಸೂಯೆಜ್ ಫಾರಂ ಊರಿಗೆಲ್ಲ ಗೊತ್ತಿರುವ ಗುರುತು. ಹಿಂದೆ ಒಳಚರಂಡಿಯ ನೀರನ್ನು ಹಾಯಿಸಿ ಬೆಳೆ ಬೆಳೆಯುತ್ತಿದ್ದ ಜಾಗ ಅದು. ಆಮೇಲೆ ಶುದ್ಧೀಕರಣ ಘಟಕವೂ ನಗರದ ಕಸದ ರಾಶಿಯೂ ಅಲ್ಲಿಗೇ ಬಂದವು. ಸುತ್ತಲಿನ ಬಡಾವಣೆಗಳವರ ದೂರು ಕೊಳಚೆಗಿಂತ ಹೆಚ್ಚಾಗಿ ಕಸದ ಮೇಲಿನದು. ಒಮ್ಮೆ ಹೊಲಸಿಗೆಂದು ಗೊತ್ತು ಮಾಡಿದ ಜಾಗಕ್ಕೆ ಮುಂದಿನ ಹೊಲಸೂ ಬಂದು ಬೀಳುತ್ತದೆ ಎಂಬುದು ಘಟಕದ ನೆರೆಯಲ್ಲಿ ಮನೆ ಮಾಡುವವರು ಎಣಿಸಬೇಕಾದ ಸಂಗತಿ.

ಇವೆಲ್ಲದರ ನಡುವೆ ಬೆಂಗಳೂರಿನ ಜಕ್ಕೂರು ಕೆರೆ ಬೇರೆಯದೇ ಉದಾಹರಣೆ. ಯಲಹಂಕದ ಬಳಿ ಸುಮಾರು 160 ಎಕರೆಯ ಈ ಕೆರೆಯ ಮೇಲ್ದಂಡೆಯಲ್ಲಿ ಜಲಮಂಡಳಿ 10 ಎಂಎಲ್‌ಡಿಯ ಘಟಕ ಕಟ್ಟಿತು. ಶುದ್ಧವಾದ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು, ಆಪು ಬೆಳೆದ ಜೌಗಿನಲ್ಲಿ ನಿಧಾನ ಹಾಯ್ದು, ಉಳಿದ ಸಾರಜನಕ, ರಂಜಕಗಳನ್ನು ಗಿಡಗಳಿಗೆ ಬಿಟ್ಟು ಕೆರೆ ಸೇರುತ್ತದೆ. ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ, ಸುತ್ತಲ ಬಾವಿಗಳಲ್ಲಿ ನೀರಿರುತ್ತದೆ, ಮೀನುಗಾರರಿಗೆ ಕೆಲಸವಿದೆ. ನೂರಾರು ಜನ ಬೆಳಿಗ್ಗೆ ಏರಿಯ ಮೇಲೆ ನಡೆಯಲು ಬರುತ್ತಾರೆ. ಅದರ ಸುತ್ತ ಮನೆ ಕೊಳ್ಳುವವರಿಗೆ ಕೆರೆ ಇಂದು ಒಂದು ಅನುಕೂಲ. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ಗಳ ಒಳಗೂ ಒಂದೊಂದು ಘಟಕವಿದೆ, ಗಿಡಗಳಿಗೆ ಹಾಯುವುದು ಅದರ ನೀರೇ. ಅಲ್ಲಿ ಅಡ್ಡಾಡುವ ಹೆಚ್ಚಿನವರಿಗೆ ಘಟಕ ಇರುವುದೇ ತಿಳಿಯದು. ನೆರೆಯ ಮನೆಗೆ ಘಟಕ ಕಂಟಕವೇ ಎಂಬ ಪ್ರಶ್ನೆಗೆ ಈ ಮೂರು ಜಾಗಗಳು ಉತ್ತರ ಕೊಡುತ್ತವೆ: ಘಟಕ ಪಕ್ಕದಲ್ಲಿದೆಯೇ ಎಂಬುದಕ್ಕಿಂತ ಅದು ನಡೆಯುತ್ತಿದೆಯೇ, ಕೊಳಚೆಯೆಲ್ಲ ಅದರೊಳಗೆ ಹೋಗುತ್ತಿದೆಯೇ ಎಂಬುದು ದೊಡ್ಡದು.

ಶುದ್ಧೀಕರಿಸಿದ ನೀರಿಗೇ ಈಗ ಬೆಲೆ ಬಂದಿದೆ. ಯಲಹಂಕದ ಮೂರನೆಯ ಹಂತದ ಘಟಕದ ನೀರು ವಿಮಾನ ನಿಲ್ದಾಣಕ್ಕೂ ಕಾರ್ಖಾನೆಗಳಿಗೂ ಹೋಗುತ್ತದೆ. 2018ರ ಜೂನ್‌ನಲ್ಲಿ ಕೆ ಅಂಡ್ ಸಿ ವ್ಯಾಲಿಯ ನೀರು ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆ ತಲುಪಿತು. 400 ಎಂಎಲ್‌ಡಿ ಕೊಟ್ಟು 120ಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಯೋಜನೆ ಅದು. ಒಂದೇ ತಿಂಗಳಲ್ಲಿ ಅಲ್ಲೂ ನೊರೆ ಕಂಡು ವಿವಾದ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕು ಎಂಬುದು ಅಲ್ಲಿನ ನೀರಾವರಿ ಹೋರಾಟಗಾರರ ಬೇಡಿಕೆ. ನ್ಯಾಯವಾದ ಬೇಡಿಕೆ ಅದು, ಆ ಕೆರೆಗಳಿಂದ ಇಂಗುವ ನೀರನ್ನೇ ಅವರು ಬೋರ್‌ವೆಲ್ಲಿನಿಂದ ಎತ್ತಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿದಾಗ ಕಟ್ಟಡ ಕೆಲಸಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ನಿಗದಿಯಾಯಿತು, ಕಟ್ಟಡಗಳಿಗೆ ಶುದ್ಧೀಕರಿಸಿದ ನೀರು ಬಳಸಲು ಸೂಚನೆ ಬಂತು. ಅಪಾರ್ಟ್‌ಮೆಂಟುಗಳಿಗೆ ತಮ್ಮ ಎಸ್‌ಟಿಪಿಯ ಹೆಚ್ಚುವರಿ ನೀರನ್ನು ಮಾರಲು ಅನುಮತಿಯೂ ಸಿಕ್ಕಿತು.

ಇಷ್ಟು ಪೆಟ್ಟು ತಿಂದ ಮೇಲೆ ಕೊಳ್ಳುವ ರೂಢಿಯೂ ಬದಲಾಗಿದೆ. ಋಣಭಾರ ಪತ್ರ (ಇಸಿ), ಖಾತಾ, ಭೂಪರಿವರ್ತನೆಯ ಆದೇಶ ನೋಡಿ ಮುಗಿಸುತ್ತಿದ್ದವರು ಈಗ ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆ ತೆಗೆಸಿ ಕೆರೆ, ಕಾಲುವೆ, ಖರಾಬು ಎಲ್ಲಿದ್ದವೆಂದು ಸರ್ವೆ ನಂಬರಿಗೆ ಹೊಂದಿಸಿ ನೋಡುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಅವಧಿ ಮುಗಿದಿದೆಯೇ, ಒಳಚರಂಡಿ ಸಂಪರ್ಕ ನಿಜವಾಗಿ ಇದೆಯೇ, ಅಥವಾ ಕಾಗದದಲ್ಲಿ ಮಾತ್ರವೇ ಎಂದು ವಿಚಾರಿಸುತ್ತಾರೆ. ಮಳೆ ಬಂದ ಮರುದಿನ ಒಮ್ಮೆ, ಬೆಳಗಿನ ಜಾವ ಒಮ್ಮೆ ಜಾಗಕ್ಕೆ ಹೋಗಿ ಬರುವವರಿದ್ದಾರೆ. ಸಾಲ ಕೊಡುವ ಬ್ಯಾಂಕುಗಳ ವಕೀಲರೂ ರಾಜಕಾಲುವೆಯ ಅಂತರವನ್ನು ತಮ್ಮ ವರದಿಯಲ್ಲಿ ಪರಿಶೀಲಿಸುತ್ತಾರೆ. ಘಟಕದ ಪಕ್ಕದ ರೆವಿನ್ಯೂ ಸೈಟಿನಲ್ಲಿ ಮೂವತ್ತು ವರ್ಷದ ಹಿಂದೆ ಶೀಟಿನ ಮನೆ ಹಾಕಿಕೊಂಡವರಿಗೆ ಈ ಯಾವ ಅವಕಾಶವೂ ಇರಲಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಇಂದಿಗೂ ಅದೇ ಮನೆಯಲ್ಲಿದ್ದಾರೆ, ಈಗ ತಾರಸಿ ಹಾಕಿಸಿ ಮೇಲೊಂದು ಅಂತಸ್ತು ಕಟ್ಟಿಸಿದ್ದಾರೆ, ಕೆಳಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ.